ಮಾಹಿತಿ ಸಮರದಲ್ಲಿ ಜನಬಲದ ಲೆಕ್ಕ

ಸುದ್ದಿಯ ಸತ್ಯಾಸತ್ಯತೆ ಪರಿಶೀಲಿಸುವುದು ನನ್ನ ವೃತ್ತಿ. ಕಲಬುರಗಿ, ಆಳಂದ, ಔರಾದ್ ಕಡೆಯ ಶಿಕ್ಷಕರಿಗೂ ಪಂಚಾಯಿತಿ ಸದಸ್ಯರಿಗೂ ತರಬೇತಿ ನೀಡಲು ಹೋದಾಗ ಈಗ ಮೊದಲು ಎದುರಾಗುವ ಪ್ರಶ್ನೆ ಡೀಪ್‌ಫೇಕ್ (ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ ನಕಲಿ) ವಿಡಿಯೊವನ್ನು ಗುರುತಿಸುವುದು ಹೇಗೆ ಎಂಬುದು. ಪ್ರಶ್ನೆ ಸಹಜವಾದದ್ದೇ. ಆದರೆ ಸರ್ಕಾರಗಳ ಬೆಂಬಲದಿಂದ ನಡೆದ ಪ್ರಚಾರ ಸಮರಗಳ ಕುರಿತು ಬಯಲಾಗಿರುವ ದಾಖಲೆಗಳನ್ನು ಓದಿದವರಿಗೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ: ಅವುಗಳಲ್ಲಿ ಬಳಕೆಯಾದ ತಂತ್ರಜ್ಞಾನ ಬಹುತೇಕ ಸಾಧಾರಣ, ಅದಕ್ಕೆ ಹಚ್ಚಿದ ಕೈಗಳು ಮಾತ್ರ ಲೆಕ್ಕವಿಲ್ಲದಷ್ಟು.

ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 2013ರಲ್ಲಿ ನೋಂದಣಿಯಾದ ಇಂಟರ್ನೆಟ್ ರಿಸರ್ಚ್ ಏಜೆನ್ಸಿಯಲ್ಲಿ ನೂರಾರು ಜನ ಹಗಲು ಮತ್ತು ರಾತ್ರಿ ಪಾಳಿಗಳಲ್ಲಿ ಕುಳಿತು, ಅಮೆರಿಕದ ಸಾಮಾನ್ಯ ನಾಗರಿಕರ ಸೋಗಿನಲ್ಲಿ ಪೋಸ್ಟ್ ಬರೆಯುತ್ತಿದ್ದರು. ಕ್ರೆಮ್ಲಿನ್‌ಗೆ ಹತ್ತಿರದವನಾಗಿದ್ದ ಉದ್ಯಮಿ ಯೆವ್ಗೆನಿ ಪ್ರಿಗೋಝಿನ್ ತಾನೇ ಅದನ್ನು ಸ್ಥಾಪಿಸಿದ್ದಾಗಿ 2023ರಲ್ಲಿ ಒಪ್ಪಿಕೊಂಡ. ಅಮೆರಿಕದಲ್ಲಿ 2018ರ ಫೆಬ್ರುವರಿಯಲ್ಲಿ ಸಲ್ಲಿಕೆಯಾದ ದೋಷಾರೋಪ ಪಟ್ಟಿಯ ಪ್ರಕಾರ, 2016ರ ಸೆಪ್ಟೆಂಬರ್ ಹೊತ್ತಿಗೆ ಈ ಯೋಜನೆಯ ತಿಂಗಳ ವೆಚ್ಚ 12.5 ಲಕ್ಷ ಡಾಲರ್ ದಾಟಿತ್ತು. ಇವರು ಹಾಕಿದ ಸುಮಾರು 80,000 ಪೋಸ್ಟ್‌ಗಳು 12.6 ಕೋಟಿ ಜನರವರೆಗೆ ತಲುಪಿರಬಹುದು ಎಂದು ಫೇಸ್‌ಬುಕ್ ಹೇಳಿತು. ಅವುಗಳಲ್ಲಿ ಹೆಚ್ಚಿನವು ಯಾವ ಹುಡುಗನೂ ಮೊಬೈಲಿನಲ್ಲಿ ತಯಾರಿಸಬಹುದಾದ, ಚಿತ್ರದ ಮೇಲೆ ಎರಡು ಸಾಲು ಬರೆದ ಮೀಮ್‌ಗಳು.

ಚೀನಾದ ಉದಾಹರಣೆಯನ್ನು ನಾನು ಇನ್ನೂ ಹೆಚ್ಚು ಬೋಧಪ್ರದವೆಂದು ಭಾವಿಸುತ್ತೇನೆ. ಜಿಯಾಂಗ್ಶಿ ಪ್ರಾಂತ್ಯದ ಝಾಂಗ್‌ಗಾಂಗ್ ಎಂಬ ಜಿಲ್ಲೆಯ ಪ್ರಚಾರ ಕಚೇರಿಯ ಇಮೇಲ್‌ಗಳು ಸೋರಿಕೆಯಾದಾಗ, ಹಾರ್ವರ್ಡ್‌ನ ಗ್ಯಾರಿ ಕಿಂಗ್ ಮತ್ತು ಸಹಸಂಶೋಧಕರು ಅವುಗಳನ್ನು ವಿಶ್ಲೇಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ದೇಶದಾದ್ಯಂತ ವರ್ಷಕ್ಕೆ ಸರ್ಕಾರವೇ ಬರೆಸಿದ ಸುಮಾರು 44.8 ಕೋಟಿ ಪೋಸ್ಟ್‌ಗಳು ಬರುತ್ತಿದ್ದವೆಂಬುದು ಅವರ ಅಂದಾಜು. ಬರೆಯುತ್ತಿದ್ದವರು ಬಹುಪಾಲು ಬೇರೆ ಬೇರೆ ಇಲಾಖೆಗಳ ಮಾಮೂಲಿ ಸರ್ಕಾರಿ ನೌಕರರು. ಅವರು ವಿರೋಧಿಗಳೊಡನೆ ವಾದಕ್ಕೇ ಇಳಿಯುತ್ತಿರಲಿಲ್ಲ. ಜನ ಬೀದಿಗಿಳಿಯಬಹುದು ಎನಿಸಿದ ದಿನಗಳಲ್ಲಿ ಒಮ್ಮೆಲೇ ದೇಶದ ಇತಿಹಾಸ, ಪಕ್ಷದ ಸಾಧನೆ, ಹುತಾತ್ಮರ ಸ್ಮರಣೆ ಇತ್ಯಾದಿಗಳ ಪ್ರವಾಹವನ್ನೇ ಹರಿಸಿ ಮಾತಿನ ದಿಕ್ಕು ಬದಲಿಸುತ್ತಿದ್ದರು. ಹೀಗೆ ನಡೆದಾಗ ಪ್ರತ್ಯೇಕವಾಗಿ ಯಾವ ಪೋಸ್ಟೂ ಸುಳ್ಳಾಗಿರಬೇಕಿಲ್ಲ. ಒಂದೊಂದನ್ನೇ ಹಿಡಿದು ನಿಜವೋ ಸುಳ್ಳೋ ಎಂದು ನೋಡುವ ನಮ್ಮ ವಿಧಾನಕ್ಕೆ ಅಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ.

ಸಂಖ್ಯೆ ಏಕೆ ಫಲ ಕೊಡುತ್ತದೆ ಎಂಬುದಕ್ಕೆ ಮನಃಶಾಸ್ತ್ರದಲ್ಲಿ ಉತ್ತರವಿದೆ. ಒಂದು ಹೇಳಿಕೆಯನ್ನು ಮತ್ತೆ ಮತ್ತೆ ಕೇಳಿದವರು ಅದನ್ನು ನಿಜವೆಂದು ನಂಬುವ ಸಾಧ್ಯತೆ ಹೆಚ್ಚುತ್ತದೆಂದು 1977ರಿಂದ ಪ್ರಯೋಗಗಳು ತೋರಿಸುತ್ತ ಬಂದಿವೆ. ಅದೇ ಮಾತು ಹತ್ತು ಬೇರೆ ಬಾಯಿಗಳಿಂದ ಬಂದರೆ ಊರೆಲ್ಲ ಹೇಳುತ್ತಿದೆ ಎಂಬ ಭಾವ ಮೂಡುತ್ತದೆ. ಇದಕ್ಕೆ ವಿರುದ್ಧವಾಗಿ, 2022ರ ಮಾರ್ಚ್‌ನಲ್ಲಿ ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ ಶರಣಾಗುವಂತೆ ಸೈನಿಕರಿಗೆ ಕರೆ ಕೊಟ್ಟರೆಂಬ ಡೀಪ್‌ಫೇಕ್ ಒಂದೇ ದಿನದಲ್ಲಿ ಬಯಲಾಯಿತು. ಇಂಥದ್ದು ಬರಬಹುದೆಂದು ಅಲ್ಲಿನ ಸರ್ಕಾರ ಮೊದಲೇ ಎಚ್ಚರಿಸಿತ್ತು.

ಆದರೆ ಸಂಖ್ಯೆಯೊಂದೇ ಸಾಕೆಂದು ಹೇಳಲಾಗದು. 2023ರ ಆಗಸ್ಟ್‌ನಲ್ಲಿ ಮೆಟಾ ಕಂಪನಿ ಚೀನಾ ಮೂಲದ ಒಂದು ಜಾಲಕ್ಕೆ ಸೇರಿದ 7,700ಕ್ಕೂ ಹೆಚ್ಚು ಫೇಸ್‌ಬುಕ್ ಖಾತೆಗಳನ್ನು ತೆಗೆದುಹಾಕಿತು; ಐವತ್ತಕ್ಕೂ ಹೆಚ್ಚು ವೇದಿಕೆಗಳಲ್ಲಿ ಹರಡಿದ್ದರೂ ಅದಕ್ಕೆ ನಿಜವಾದ ಓದುಗರು ಬಹಳ ಕಡಿಮೆಯಿದ್ದರು. ಪೋಸ್ಟ್‌ಗಳು ಬೀಜಿಂಗ್ ಕಚೇರಿ ವೇಳೆಯಲ್ಲಿ ಹೆಚ್ಚಾಗಿ, ಊಟದ ಹೊತ್ತಿಗೆ ನಿಂತುಹೋಗುತ್ತಿದ್ದುದೇ ಅದನ್ನು ಹಿಡಿದುಕೊಟ್ಟ ಸುಳಿವುಗಳಲ್ಲೊಂದು. ಕೂಲಿಗೆ ಬರೆದದ್ದು ಫಲ ಕೊಡುವುದು ಅದನ್ನು ನಂಬಿದ ಸಾಮಾನ್ಯ ಜನ ಮುಂದಕ್ಕೆ ಹೊತ್ತೊಯ್ದಾಗ ಮಾತ್ರ. ಕೃತಕ ಬುದ್ಧಿಮತ್ತೆಯೂ ಸದ್ಯಕ್ಕೆ ಮಾಡುತ್ತಿರುವುದು ಇದೇ ಕೂಲಿಯ ಕೆಲಸವನ್ನು. ರಷ್ಯಾ, ಚೀನಾ, ಇರಾನ್ ಮತ್ತು ಇಸ್ರೇಲಿನ ಒಂದು ಖಾಸಗಿ ಸಂಸ್ಥೆಯ ಐದು ಜಾಲಗಳನ್ನು ತಡೆದುದಾಗಿ 2024ರ ಮೇನಲ್ಲಿ ಚಾಟ್‌ಜಿಪಿಟಿ ತಯಾರಕ ಓಪನ್‌ಎಐ ಪ್ರಕಟಿಸಿದಾಗ ಕಂಡದ್ದು ಕಾಮೆಂಟ್ ಬರೆಸುವುದು, ಅನುವಾದ ಮಾಡಿಸುವುದು, ವ್ಯಾಕರಣ ತಿದ್ದಿಸುವುದು.

ಸಾಮಾನ್ಯರು ಹೊತ್ತೊಯ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಭಾಗ ದುಃಖದಿಂದಲೇ ಕಂಡಿದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಎಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕರ ಮೇಲೆರಗಿ ಒಬ್ಬರ ಜೀವ ತೆಗೆಯಿತು. ಅದರ ಹಿಂದೆ ಯಾವ ಸರ್ಕಾರವೂ ಇರಲಿಲ್ಲ. ಆ ವರ್ಷ ದೇಶದಾದ್ಯಂತ ಹರಿದಾಡಿದ ಇಂಥ ದೃಶ್ಯಗಳಲ್ಲೊಂದು ಕರಾಚಿಯಲ್ಲಿ ಜಾಗೃತಿಗಾಗಿ ತಯಾರಿಸಿದ್ದ ಕಿರುಚಿತ್ರದ ತುಣುಕು. ಮಗುವನ್ನು ಮರಳಿ ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು, ಅಷ್ಟೆ. 2025ರ ಮೇನಲ್ಲಿ ಭಾರತ-ಪಾಕಿಸ್ತಾನ ಸಂಘರ್ಷ ನಡೆದಾಗಲೂ 2020ರ ಬೈರೂತ್ ಸ್ಫೋಟದ ವಿಡಿಯೊವನ್ನು ಭಾರತದ ಮೇಲಿನ ಕ್ಷಿಪಣಿ ದಾಳಿಯೆಂದು ಹಂಚಲಾಯಿತು. ಅದು ಸುಳ್ಳೆಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್‌ಚೆಕ್ ಸ್ಪಷ್ಟನೆ ನೀಡಬೇಕಾಯಿತು.

ಆದ್ದರಿಂದ ತರಬೇತಿಗಳಲ್ಲಿ ನಾನು ಈಗ ಎಣಿಕೆಗೆ ಹೆಚ್ಚು ಸಮಯ ಕೊಡುತ್ತೇನೆ. ತೊಗರಿಗೆ ಕಾಯಿಕೊರಕ ಬಿದ್ದಾಗ ಗಿಡಕ್ಕೆ ಎಷ್ಟು ಹುಳು ಇವೆಯೆಂದು ನೋಡಿಯೇ ರೈತರು ಮುಂದಿನ ಕ್ರಮ ನಿರ್ಧರಿಸುವಂತೆ, ಒಂದೇ ವಾಕ್ಯ ಎಷ್ಟು ಖಾತೆಗಳಲ್ಲಿ, ಎಷ್ಟು ನಿಮಿಷಗಳ ಒಳಗೆ, ಅದೇ ಕಾಗುಣಿತ ತಪ್ಪಿನೊಂದಿಗೆ ಬಂದಿದೆ, ಆ ಖಾತೆಗಳು ಯಾವಾಗ ತೆರೆದವು, ಹಿಂದಿನ ತಿಂಗಳು ಏನು ಬರೆಯುತ್ತಿದ್ದವು ಎಂದು ಪಟ್ಟಿ ಮಾಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಹೊರಗಿನವರಿಗೆ ಇದು ಕಾಣುವುದಿಲ್ಲ; ಅಲ್ಲಿ ಇರುವ ಗುರುತು, ಹಲವು ಬಾರಿ ಫಾರ್ವರ್ಡ್ ಆದ ಸಂದೇಶದ ಮೇಲೆ ಕಾಣುವ ಜೋಡಿ ಬಾಣವೊಂದೇ. ಅಂಥ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸುವಂತೆ 2020ರ ಏಪ್ರಿಲ್‌ನಲ್ಲಿ ಮಿತಿ ಹಾಕಿದ ಮೇಲೆ ಅವುಗಳ ಹರಿವು ಶೇ 70ರಷ್ಟು ಇಳಿಯಿತೆಂದು ಕಂಪನಿ ಹೇಳಿತು. ಸಂದೇಶದ ಒಳಗೆ ಏನಿದೆಯೆಂದು ನೋಡದೆ ಹರಡುವ ವೇಗವನ್ನಷ್ಟೇ ತಗ್ಗಿಸಿದ ಈ ಕ್ರಮ ಇನ್ನಷ್ಟು ಗಮನಕ್ಕೆ ಅರ್ಹವಾಗಿದೆ.

ಸ್ಪಷ್ಟನೆಯ ಕಡೆ ನಮ್ಮಲ್ಲಿ ಕೈಗಳು ತೀರ ಕಡಿಮೆ. ಬೀದರ್, ಕಲಬುರಗಿ, ಯಾದಗಿರಿಗಳಲ್ಲಿ ವದಂತಿ ಕನ್ನಡದಲ್ಲಿ ಹುಟ್ಟಿದರೂ ಸಂಜೆಯೊಳಗೆ ದಖನಿ, ತೆಲುಗು, ಮರಾಠಿ ಧ್ವನಿ ಸಂದೇಶಗಳಾಗಿ ಗಡಿ ದಾಟುತ್ತದೆ. ಅದನ್ನು ಅಲ್ಲಗಳೆಯುವ ಪ್ರಕಟಣೆ ಮಾತ್ರ ಜಿಲ್ಲಾ ಕೇಂದ್ರದಿಂದ ಮರುದಿನ, ಓದಲು ಬಲ್ಲವರಿಗಷ್ಟೇ ತಲುಪುವ ಬರಹದಲ್ಲಿ ಬರುತ್ತದೆ. ಪ್ರತಿ ಹೋಬಳಿಯಲ್ಲಿ ಈ ಭಾಷೆಗಳನ್ನು ಆಡುವ, ಊರವರಿಗೆ ಪರಿಚಯವಿರುವ ಆಶಾ ಕಾರ್ಯಕರ್ತೆಯರು, ಗ್ರಂಥಾಲಯ ಮೇಲ್ವಿಚಾರಕರು, ಶಿಕ್ಷಕರು ಅದೇ ಸಂಜೆ ತಮ್ಮ ದನಿಯಲ್ಲಿ ಸ್ಪಷ್ಟನೆಯನ್ನು ಅದೇ ಗುಂಪುಗಳಿಗೆ ಕಳಿಸುವ ವ್ಯವಸ್ಥೆ ಆಗಬೇಕು. ಅದಕ್ಕೆ ಬೇಕಾದ ಮೊಬೈಲ್‌ಗಳು ಅವರ ಕೈಯಲ್ಲಿ ಈಗಾಗಲೇ ಇವೆ.