ನೆರೆಯಲ್ಲಿ ಮುಳುಗಿದ ಕಾರು ಟ್ರ್ಯಾಕಿಗೆ ಇಳಿದೀತೇ?

ಪ್ರಶ್ನೆ: 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿದಾಗ ನೆಲ್ಯಹುದಿಕೇರಿಯ ನಮ್ಮ ಶೆಡ್ಡಿಗೆ ನೀರು ನುಗ್ಗಿ, ತಂದೆಯವರ ಮಾರುತಿ ಎಸ್ಟೀಮ್ ಕಾರು ಡ್ಯಾಶ್‌ಬೋರ್ಡಿನ ಮಟ್ಟದವರೆಗೆ ಎರಡು ದಿನ ಮುಳುಗಿತ್ತು. ಅಂದಿನಿಂದ ಅದು ಅಲ್ಲೇ ನಿಂತಿದೆ. ಅದನ್ನು ಸರಿಪಡಿಸಿ, ವರ್ಷಕ್ಕೆ ಒಂದೆರಡು ಬಾರಿ ಕೊಯಮತ್ತೂರಿನ ಟ್ರ್ಯಾಕಿನಲ್ಲಿ ಹವ್ಯಾಸಕ್ಕಾಗಿ ಓಡಿಸಬೇಕೆಂಬ ಆಸೆ ನನಗಿದೆ. ಇದು ಸಾಧ್ಯವೇ? ಹೊಸ ಬ್ಯಾಟರಿ ಹಾಕಿ ಒಮ್ಮೆ ಸ್ಟಾರ್ಟ್ ಮಾಡಿ ನೋಡಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ದಯವಿಟ್ಟು ಕೀಲಿ ತಿರುಗಿಸಬೇಡಿ. ಬ್ಯಾಟರಿಯನ್ನೂ ಸದ್ಯಕ್ಕೆ ಕೊಳ್ಳಬೇಡಿ.

2018 ಮತ್ತು 2019ರ ಮಳೆಗಾಲಗಳ ನಂತರ ಕುಶಾಲನಗರ, ಕರಡಿಗೋಡು, ನೆಲ್ಯಹುದಿಕೇರಿಗಳ ಕಡೆಯಿಂದ ಇದೇ ಪ್ರಶ್ನೆ ಬೇರೆ ಬೇರೆ ರೂಪಗಳಲ್ಲಿ ಬರುತ್ತಲೇ ಇದೆ. ಎಲ್ಲರ ಗಮನವೂ ಎಂಜಿನ್ ಮೇಲಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಇಂಥ ಕಾರಿನ ಹಣೆಬರಹವನ್ನು ನಿರ್ಧರಿಸುವುದು ಅದರ ಬಾಡಿ. 1298 ಸಿಸಿಯ ಎಸ್ಟೀಮ್ ಎಂಜಿನ್ ಕೆಟ್ಟಿದ್ದರೆ ಗುಜರಿಯಿಂದ ಇನ್ನೊಂದನ್ನು ತಂದು ಕೂರಿಸಬಹುದು. ತುಕ್ಕು ಒಳಗಿನಿಂದ ತಿಂದುಹಾಕಿದ ಬಾಡಿಗೆ ಬದಲಿ ಎಂಬುದಿಲ್ಲ, ಏಕೆಂದರೆ ಅದನ್ನು ಬದಲಿಸಿದರೆ ಕಾರನ್ನೇ ಬದಲಿಸಿದಂತಾಗುತ್ತದೆ.

ಆದ್ದರಿಂದ ಮೊದಲ ದಿನದ ಕೆಲಸಕ್ಕೆ ಒಂದು ಹಳೆಯ ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ ಮತ್ತು ಟಾರ್ಚ್ ಸಾಕು. ಸೀಟು, ಕಾರ್ಪೆಟ್, ಅದರ ಕೆಳಗಿನ ಫೆಲ್ಟ್ ಎಲ್ಲವನ್ನೂ ಕಳಚಿ ಹೊರಗೆ ಹಾಕಿ. ಆ ಫೆಲ್ಟ್ ಸ್ಪಂಜಿನಂತೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ನಮ್ಮ ಮಳೆಗಾಲದ ತೇವದಲ್ಲಿ ಅದು ಪೂರ್ತಿ ಒಣಗುವುದೇ ಇಲ್ಲ. ಅದರಡಿಯ ತಗಡನ್ನು ಒಂದೊಂದು ಗೇಣಿಗೂ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ. ತುಕ್ಕು ಹಿಡಿದದ್ದು ಮಂದವಾಗಿ ಸದ್ದು ಮಾಡುತ್ತದೆ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ಪಟ್ಟಿ, ಮುಂದಿನ ಸಸ್ಪೆನ್ಷನ್ ಸ್ಟ್ರಟ್‌ಗಳ ಮೇಲಿನ ಗುಮ್ಮಟ, ಹಿಂದಿನ ಸಸ್ಪೆನ್ಷನ್ ಬಾಡಿಗೆ ಸೇರುವ ಜಾಗ, ಸೀಟು ಬೆಲ್ಟಿನ ಬೋಲ್ಟು ಕೂತಿರುವ ಜಾಗ, ಇವುಗಳಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ತಗಡಿನೊಳಗೆ ಇಳಿಯುತ್ತದೆ ಎಂದಾದರೆ, ಅಲ್ಲಿಗೇ ನಿಲ್ಲಿಸಿ, ಎಂಜಿನ್ನನ್ನೂ ಬಿಡಿಭಾಗಗಳನ್ನೂ ಮಾರಿ, ಆ ಹಣದಿಂದ ನೀರು ಕಾಣದ ಇನ್ನೊಂದು ಎಸ್ಟೀಮ್ ಹುಡುಕುವುದೇ ಜಾಣತನ. ನೆಲದ ತಗಡಿನ ಮಧ್ಯದಲ್ಲಿ ಅಂಗೈಯಗಲದ ತೂತಿದ್ದರೆ ಹೆದರಬೇಕಾಗಿಲ್ಲ. ಒಳ್ಳೆಯ ಟಿಂಕರಿಂಗ್ ಕೆಲಸಗಾರರು ಅದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡುತ್ತಾರೆ. ಪುಟ್ಟಿ ಮೆತ್ತಿ ಬಣ್ಣ ಬಳಿಯುವವರಿಗೆ ಮಾತ್ರ ಈ ಕೆಲಸ ಕೊಡಬೇಡಿ.

ಬಾಡಿ ಪಾಸಾದರೆ ಅದರ ಟೊಳ್ಳುಗಳಲ್ಲಿ ಕುಳಿತಿರುವ ಹೊಳೆಯ ಮಣ್ಣನ್ನು ತೊಳೆಯಬೇಕು. ಕೆಳಗಿನ ನೀರಿಳಿಯುವ ರಂಧ್ರಗಳನ್ನು ತಂತಿಯಿಂದ ಬಿಡಿಸಿ, ಮೇಲಿನಿಂದ ಪಂಪಿನಲ್ಲಿ ನೀರು ಬಿಟ್ಟರೆ ಮೊದಲು ಬರುವುದು ಚಾಕೊಲೇಟ್ ಬಣ್ಣದ ಕೆಸರು. ತಿಳಿನೀರು ಬರುವವರೆಗೂ ಬಿಡುತ್ತಿರಬೇಕು. ಇಲ್ಲಿ ತೋಟದವರಿಗೆ ಒಂದು ಎಚ್ಚರಿಕೆಯ ಮಾತು: ಬೋರ್ಡೋ ದ್ರಾವಣ (ಮೈಲುತುತ್ತ ಮತ್ತು ಸುಣ್ಣದ ಔಷಧಿ) ಹೊಡೆಯುವ ಪಂಪನ್ನು ಇದಕ್ಕೆ ಬಳಸಬೇಡಿ. ಅದರ ಡ್ರಮ್ಮಿನಲ್ಲೂ ಹೋಸಿನಲ್ಲೂ ಉಳಿದ ಮೈಲುತುತ್ತ ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ತೊಳೆದ ಮೇಲೆ ಕಾಫಿ ಒಣಗಿಸಿ ಮುಗಿದ ಕಣದಲ್ಲಿ, ಬಾಗಿಲುಗಳನ್ನೆಲ್ಲ ತೆರೆದು, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲು ಕೆಲವು ದಿನ ಬಿಸಿಲಿಗೆ ನಿಲ್ಲಿಸಿ, ನಂತರ ಟೊಳ್ಳುಗಳಿಗೆ ತುಕ್ಕುನಿರೋಧಕ ಮೇಣ ಸಿಂಪಡಿಸಬೇಕು.

ಈಗ ಎಂಜಿನ್. ಸಿಲಿಂಡರಿನಲ್ಲಿ ಗಾಳಿಯಿದ್ದರೆ ಪಿಸ್ಟನ್ ಅದನ್ನು ಒತ್ತಬಲ್ಲದು. ನೀರನ್ನು ಒತ್ತಿ ಕುಗ್ಗಿಸಲು ಆಗದು. ಸೆಲ್ಫ್ ಹೊಡೆದಾಗ ಪಿಸ್ಟನ್ ನೀರಿಗೆ ಬಡಿದರೆ ಆ ಹೊಡೆತಕ್ಕೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗಬಹುದು. ಇಷ್ಟು ವರ್ಷಗಳ ನಂತರ ನೀರು ಆವಿಯಾಗಿರಬಹುದು, ಆದರೆ ಅದು ಬಿಟ್ಟುಹೋದ ತುಕ್ಕು ಪಿಸ್ಟನ್ ರಿಂಗನ್ನು ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಅಂಟಿಸಿರುತ್ತದೆ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ತೆಳು ಎಣ್ಣೆ ಹಾಕಿ, ಎರಡು ಮೂರು ದಿನ ನೆನೆಯಲು ಬಿಡಿ. ಬಳಿಕ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದಲೇ ನಿಧಾನವಾಗಿ ತಿರುಗಿಸಿ. ಅಲುಗದಿದ್ದರೆ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಬಲ ಹಾಕಬೇಡಿ. ಇನ್ನಷ್ಟು ಎಣ್ಣೆ ಹಾಕಿ ಇನ್ನೊಂದು ವಾರ ಕಾಯಿರಿ.

ತಿರುಗಿದರೆ, ರಾಡ್ ಬಾಗಿದೆಯೇ ಎಂದು ಹೆಡ್ (ಎಂಜಿನ್ನಿನ ಮೇಲ್ಭಾಗ) ಇಳಿಸದೆಯೇ ಸುಮಾರಾಗಿ ತಿಳಿಯುವ ಉಪಾಯವೊಂದಿದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ 1 ಮತ್ತು 4ನೆಯ ಪಿಸ್ಟನ್‌ಗಳು ಒಟ್ಟಿಗೆ ಮೇಲೇರುತ್ತವೆ, 2 ಮತ್ತು 3 ಒಟ್ಟಿಗೆ. ಪ್ಲಗ್ ರಂಧ್ರದಲ್ಲಿ ನೇರವಾದ ಬಿದಿರಿನ ಕಡ್ಡಿ ಇಳಿಸಿ, ಪಿಸ್ಟನ್ ತನ್ನ ಅತಿ ಮೇಲಿನ ಸ್ಥಾನ ತಲುಪಿದಾಗ ಕಡ್ಡಿಯ ಮೇಲೆ ಗುರುತು ಹಾಕಿ, ಅದೇ ಓರೆಯಲ್ಲಿ ಉಳಿದ ಸಿಲಿಂಡರುಗಳಲ್ಲೂ ಅಳೆಯಿರಿ. ಒಂದರಲ್ಲಿ ಮಾತ್ರ ಕಡ್ಡಿ ಹೆಚ್ಚು ಆಳಕ್ಕೆ ಇಳಿದರೆ ಆ ರಾಡ್ ಗಿಡ್ಡವಾಗಿದೆ, ಅಂದರೆ ಬಾಗಿದೆ ಎಂದು ಶಂಕಿಸಬೇಕು. ಗುರುತುಗಳೆಲ್ಲ ಒಂದೇ ಕಡೆ ಬಿದ್ದರೂ ಟ್ರ್ಯಾಕಿಗೆ ಇಳಿಯುವ ಎಂಜಿನ್ನಿನ ಹೆಡ್ಡನ್ನೂ ಚೇಂಬರನ್ನೂ (ಕೆಳಗಿನ ಆಯಿಲ್ ತೊಟ್ಟಿ) ಬಿಚ್ಚಿ ಬೋರ್ ಮತ್ತು ಬೇರಿಂಗ್ ನೋಡದೆ ಬಿಡುವುದು ತರವಲ್ಲ. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಆಯಿಲ್ ಸೀಲುಗಳು ಹೇಗೂ ಹೊಸದಾಗಲೇಬೇಕು.

ಆಯಿಲ್ ಹಾಲು ಹಾಕಿದ ಕಾಫಿಯಂತೆ ಕಂಡರೆ ಅದರಲ್ಲಿ ನೀರು ಸೇರಿದೆ. ಸಂಶಯವಿದ್ದರೆ ಕಾದ ಹಂಚಿನ ಮೇಲೆ ಒಂದು ತೊಟ್ಟು ಬಿಡಿ: ನೀರಿದ್ದರೆ ಚಟಪಟ ಎನ್ನುತ್ತದೆ. (ದೋಸೆಯ ಹಂಚಿನಲ್ಲಿ ಬೇಡ.) ಗೇರ್‌ಬಾಕ್ಸಿನ ಆಯಿಲ್ಲಿಗೂ ಇದೇ ಪರೀಕ್ಷೆ ನಡೆಯುತ್ತದೆ, ಏಕೆಂದರೆ ಅದರ ಉಸಿರುಗೊಳವೆಯ ಮೂಲಕವೂ ನೀರು ಒಳಸೇರುತ್ತದೆ. ಪೆಟ್ರೋಲ್ ಟ್ಯಾಂಕನ್ನು ಇಳಿಸಿಯೇ ತೊಳೆಯಬೇಕು. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳದಲ್ಲಿ ನಿಂತು ಅಲ್ಲಿಂದಲೇ ತುಕ್ಕು ಹುಟ್ಟಿಸಿರುತ್ತದೆ. ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿಕೊಂಡಿರುವುದು ಬಹುತೇಕ ಖಚಿತ.

ನೆರೆ ಕಾರಿನ ನಿಜವಾದ ಶನಿ ವೈರಿಂಗ್. ನನ್ನದೇ ಹಳೆಯ ಕಾರೊಂದು ಎಂಜಿನ್ ಬಿಸಿಯಾದ ಕೂಡಲೇ ನಿಂತುಬಿಡುತ್ತಿತ್ತು. ಫ್ಯೂಯೆಲ್ ಪಂಪ್ ಬದಲಿಸಿದೆ, ಇಗ್ನಿಷನ್ ಕಾಯಿಲ್ ಬದಲಿಸಿದೆ, ತಿಂಗಳುಗಟ್ಟಲೆ ತಲೆ ಕೆರೆದುಕೊಂಡೆ. ಕೊನೆಗೆ ಬಾಡಿಗೆ ಬಿಗಿದಿದ್ದ ಒಂದು ಅರ್ಥ್ ವೈರಿನ ರಬ್ಬರ್ ಸೀಳಿದಾಗ ಒಳಗೆ ತಾಮ್ರದ ಎಳೆಗಳಿಗೆ ಬದಲು ಹಸಿರು ಪುಡಿ ಉದುರಿತು. ನೀರು ಎಳೆಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರುವಂತೆ ಏರುತ್ತದೆ, ಹಾಗಾಗಿ ಮುಳುಗಿದ ಮಟ್ಟಕ್ಕಿಂತ ಮೇಲಿನ ವೈರೂ ಹಾಳಾಗಿರಬಹುದು. ಟ್ರ್ಯಾಕ್ ಕಾರಿನಲ್ಲಿ ಇದಕ್ಕೆ ಸುಲಭ ಪರಿಹಾರವಿದೆ: ಪವರ್ ವಿಂಡೋ, ಸ್ಟೀರಿಯೋ, ಎ.ಸಿ. ಒಂದೂ ಬೇಕಿಲ್ಲದ ಕಾರಣ ಹಳೆಯ ವೈರಿಂಗನ್ನು ಇಡಿಯಾಗಿ ಕಿತ್ತು, ಎಂಜಿನ್, ಫ್ಯಾನ್, ಬ್ರೇಕ್ ಲೈಟ್‌ಗಳಿಗೆ ಬೇಕಾದಷ್ಟನ್ನೇ ಹೊಸದಾಗಿ ಎಳೆಸಿ, ಜೊತೆಗೆ ಇಡೀ ಕಾರಿನ ವಿದ್ಯುತ್ತನ್ನು ಒಂದೇ ಏಟಿಗೆ ಕಡಿಯುವ ಸ್ವಿಚ್ ಹಾಕಿಸಬಹುದು. ನೆರೆ ಕಾರು ರಸ್ತೆಗಿಂತ ಟ್ರ್ಯಾಕಿಗೇ ಹೆಚ್ಚು ಒಗ್ಗುತ್ತದೆ ಎಂದು ನಾನು ಹೇಳುವುದು ಈ ಕಾರಣಕ್ಕೆ. ಅದನ್ನು ಹೇಗೂ ಬೋಳು ತಗಡಿನವರೆಗೆ ಬಿಚ್ಚಲೇಬೇಕು.

ಹಣ ಎಷ್ಟೇ ಕಡಿಮೆಯಿದ್ದರೂ ಬ್ರೇಕಿನಲ್ಲಿ ಉಳಿತಾಯ ಮಾಡಬೇಡಿ. ಕೊಯಮತ್ತೂರಿನ ಬಳಿಯ ಚೆಟ್ಟಿಪಾಳಯಂನ ಕರಿ ಮೋಟಾರ್ ಸ್ಪೀಡ್‌ವೇ ಸುಮಾರು 2.1 ಕಿ.ಮೀ. ಉದ್ದದ ಚಿಕ್ಕ ಟ್ರ್ಯಾಕ್, ಅಲ್ಲಿ ಬ್ರೇಕಿಗೆ ತಣಿಯಲು ಪುರಸೊತ್ತು ಕಡಿಮೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನೇ ಹೀರುವ ದ್ರವ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದ್ದರೆ, ನೀರು ಹೀರಿದ ಸ್ಥಿತಿಗೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದ ಆಯಿಲ್ಲಿನಲ್ಲಿ ಗುಳ್ಳೆ ಎದ್ದರೆ ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಮಾಸ್ಟರ್ ಸಿಲಿಂಡರ್, ಕ್ಯಾಲಿಪರ್ ಸೀಲುಗಳು, ಹಿಂದಿನ ವೀಲ್ ಸಿಲಿಂಡರ್, ಹೋಸ್, ಲೋಹದ ಪೈಪುಗಳು ಎಲ್ಲವೂ ಹೊಸದಿರಲಿ. ಚಕ್ರದ ಬೇರಿಂಗ್‌ಗಳೂ ಸೀಟು ಬೆಲ್ಟ್‌ಗಳೂ ಅಷ್ಟೇ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2318 ಎಂದರೆ 2018ರ 23ನೆಯ ವಾರದ್ದು. ಅಂಥ ಟೈರಿಗೆ ಮೇಲಿನ ಗೀರುಗಳು ಎಷ್ಟೇ ಆಳವಿದ್ದರೂ ರಬ್ಬರ್ ಗಟ್ಟಿಯಾಗಿ ಹಿಡಿತ ಹೋಗಿರುತ್ತದೆ.

ಕಾಗದಪತ್ರಗಳ ವಿಷಯ ಸಂಕ್ಷಿಪ್ತವಾಗಿ: ಸಾಮಾನ್ಯ ವಾಹನ ವಿಮೆ ರೇಸಿಂಗ್ ಮತ್ತು ವೇಗಪರೀಕ್ಷೆಗಳಲ್ಲಾದ ನಷ್ಟಕ್ಕೆ ಅನ್ವಯಿಸುವುದಿಲ್ಲ, ಮತ್ತು ಹೀಗೆ ಬದಲಿಸಿದ ಕಾರನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸಲು ಕಾನೂನು ಒಪ್ಪುವುದಿಲ್ಲ. ಕೊಯಮತ್ತೂರಿಗೆ ಅದು ಲಾರಿಯ ಮೇಲೇ ಹೋಗಬೇಕು. ದಾರಿಯಲ್ಲಿ ಸಿಗುವ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳು ಹೊಸ ಬ್ರೇಕನ್ನು ಪರೀಕ್ಷಿಸುವ ಜಾಗವೂ ಅಲ್ಲ.

ಟ್ರ್ಯಾಕಿನಲ್ಲಿ ಮೊದಲ ಸುತ್ತುಗಳನ್ನು ಅರ್ಧ ವೇಗದಲ್ಲಿ ಮುಗಿಸಿ ಒಳಗೆ ಬನ್ನಿ. ಬಾನೆಟ್ ಎತ್ತಿ ಎಲ್ಲಿಯಾದರೂ ಸೋರುತ್ತಿದೆಯೇ ನೋಡಿ, ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಬ್ರೇಕ್ ಬಿಸಿಯಿರುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ; ಕಾರನ್ನು ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಒಂದು ಕಲ್ಲು ಕೊಟ್ಟರೆ ಸಾಕು.