ಬಾಲ ಬೀಸುವ ಗಾಡಿ, ಕಾಲೂರಿ ನಿಂತ ಕುದುರೆ

ಕುದುರೆ ಸಾಗಿಸಲು ವ್ಯಾನ್ ಕೊಳ್ಳಬೇಕೋ, ಕಾರಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಸಾಕೋ? ಬ್ರಿಟನ್ನಿನಲ್ಲಿ ಕುದುರೆ ಸಾಕುವವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಬೆಲೆ, ಲೈಸೆನ್ಸ್, ನಿಲ್ಲಿಸಲು ಜಾಗ ಎಲ್ಲವೂ ಚರ್ಚೆಯಾಗುತ್ತವೆ. ಅಷ್ಟರಲ್ಲಿ ಯಾರೋ ಒಬ್ಬರು ಅನುಭವಸ್ಥರ ಧಾಟಿಯಲ್ಲಿ ಹೇಳುತ್ತಾರೆ: "ಟ್ರೇಲರ್ ಓಲಾಡತೊಡಗಿದರೆ ಹೆದರಬೇಡಿ, ಆಕ್ಸಿಲರೇಟರ್ ಒತ್ತಿ. ಎಳೆತಕ್ಕೆ ತಾನೇ ನೆಟ್ಟಗಾಗುತ್ತದೆ." ಈ ಮಾತು ಕೇಳಿದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತದೆ. ಇದು ಬರೀ ತಪ್ಪಲ್ಲ, ಪೂರ್ತಿ ತಿರುವುಮುರುವು. ಯಾಕೆ ಎಂದು ತಿಳಿದರೆ ಎರಡು ಗಾಡಿಗಳ ನಡುವಿನ ನಿಜವಾದ ವ್ಯತ್ಯಾಸವೂ ತಿಳಿಯುತ್ತದೆ.

ಒಂದು ಸಣ್ಣ ಪ್ರಯೋಗ ನೋಡಿ. ವ್ಯಾಯಾಮದ ಟ್ರೆಡ್‌ಮಿಲ್ ಮೇಲೆ ಆಟಿಕೆ ಕಾರನ್ನು ನಿಲ್ಲಿಸಿ, ಅದರ ಹಿಂದೆ ಪುಟ್ಟ ಟ್ರೇಲರ್ ಕಟ್ಟಿ, ಪಟ್ಟಿ ಓಡಿಸಬೇಕು. ಟ್ರೇಲರಿನ ಮುಂಭಾಗದಲ್ಲಿ ಭಾರವಿಟ್ಟು ಬೆರಳಿನಿಂದ ಪಕ್ಕಕ್ಕೆ ತಟ್ಟಿದರೆ ಒಂದೆರಡು ಸಲ ಓಲಾಡಿ ಸುಮ್ಮನಾಗುತ್ತದೆ. ಅದೇ ಭಾರವನ್ನು ಅಚ್ಚಿನ ಹಿಂದಕ್ಕೆ ಸರಿಸಿ ಮತ್ತೆ ತಟ್ಟಿ ನೋಡಿ. ಎಡಕ್ಕೆ, ಬಲಕ್ಕೆ, ಇನ್ನಷ್ಟು ಎಡಕ್ಕೆ ಬೀಸುತ್ತ ಕೊನೆಗೆ ಕಾರನ್ನೂ ಎಳೆದುಕೊಂಡು ಪಟ್ಟಿಯಿಂದಾಚೆ ಹಾರುತ್ತದೆ. ಕೂಡಿಸಿದ್ದೇನೂ ಇಲ್ಲ, ಒಂದು ಹಿಡಿ ಭಾರ ಜಾಗ ಬದಲಿಸಿತು, ಅಷ್ಟೇ.

ಬಾಣದ ತೂಕ ಮೊನೆಯಲ್ಲಿ, ಗರಿ ಹಿಂದೆ. ಹಾಗಾಗಿಯೇ ಅದು ನೇರ ಹಾರುತ್ತದೆ, ತಿರುಗಿಸಿ ಎಸೆದರೆ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ಟ್ರೇಲರಿಗೆ ಟೈರುಗಳೇ ಗರಿ. ಎತ್ತಿನ ಗಾಡಿಯಲ್ಲಿ ಹಿಂಭಾರವಾದರೆ ಮೂಕಿ ಮೇಲೇಳುವಂತೆ, ಟ್ರೇಲರಿನ ಹಿಂದೆ ತೂಕ ಹೆಚ್ಚಾದರೆ ಮೂತಿ ಕಾರಿನ ಕೊಂಡಿಯನ್ನು ಕೆಳಕ್ಕೆ ಒತ್ತುವುದು ಬಿಟ್ಟು ಮೇಲಕ್ಕೆತ್ತುತ್ತದೆ. ಆಗ ಕಾರಿನ ಹಿಂದಿನ ಚಕ್ರಗಳ ಹಿಡಿತವೂ ಸಡಿಲ.

ಇನ್ನು ವೇಗದ ಮಾತು. ಟ್ರೇಲರಿನ ಬಾಲ ಪಕ್ಕಕ್ಕೆ ಬೀಸಿದಾಗ ಆ ಓಲಾಟವನ್ನು ತಣಿಸಬೇಕಾದವು ಟೈರುಗಳು. ಟೈರು ತಾನು ಮುಖ ಮಾಡಿದ ದಿಕ್ಕು ಒಂದು, ಚಲಿಸುತ್ತಿರುವ ದಿಕ್ಕು ಇನ್ನೊಂದು ಆದಾಗ ಆ ಎರಡರ ನಡುವಿನ ಕೋನಕ್ಕೆ ತಕ್ಕಂತೆ ಪ್ರತಿರೋಧ ಒಡ್ಡುತ್ತದೆ. ಮಳೆಯಲ್ಲಿ ನಿಂತರೆ ಹನಿ ನೆತ್ತಿಗೆ ಬೀಳುತ್ತದೆ, ಓಡಿದರೆ ಮುಖಕ್ಕೆ ಹೊಡೆಯುತ್ತದೆ. ಹನಿ ಬೀಳುವ ವೇಗ ಅಷ್ಟೇ ಇದೆ. ನಮ್ಮ ಮುನ್ನುಗ್ಗುವ ವೇಗ ಏರಿದ್ದರಿಂದ ಅದು ಬರುವ ಕೋನ ಬದಲಾಯಿತು. ಇಲ್ಲೂ ಹಾಗೆಯೇ. ಬಾಲ ಪಕ್ಕಕ್ಕೆ ಬೀಸುವ ವೇಗ ಅಷ್ಟೇ ಇದ್ದು ಗಾಡಿ ಮುಂದೋಡುವ ವೇಗ ಇಮ್ಮಡಿಯಾದರೆ, ಆ ಬೀಸಿನಿಂದ ಹುಟ್ಟುವ ಕೋನ ಅರ್ಧಕ್ಕಿಳಿಯುತ್ತದೆ, ತಣಿಸುವ ಬಲವೂ ಅರ್ಧ. ಜೇನುತುಪ್ಪದಲ್ಲಿ ಮುಳುಗಿಸಿದ ಉಯ್ಯಾಲೆ ತಳ್ಳಿದ ಕೂಡಲೇ ನಿಲ್ಲುತ್ತದೆ, ನೀರಿನಲ್ಲಾದರೆ ತುಸು ತಡ, ಗಾಳಿಯಲ್ಲಿ ಇನ್ನೂ ತಡ. ವೇಗ ಏರಿಸುವುದೆಂದರೆ ಜೇನನ್ನು ಚೆಲ್ಲಿ ಗಾಳಿ ತುಂಬಿದಂತೆ. ಒಂದು ಮಿತಿ ದಾಟಿದ ಮೇಲೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಆದ್ದರಿಂದ ಓಲಾಟ ಶುರುವಾದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು, ಸ್ಟೇರಿಂಗ್ ನೇರ ಹಿಡಿದಿರಬೇಕು, ವೇಗ ತಾನಾಗಿ ಇಳಿಯಲು ಬಿಡಬೇಕು. ಬ್ರಿಟನ್ನಿನ ಮೋಟಾರುದಾರಿಗಳಲ್ಲಿ ಟ್ರೇಲರ್ ಎಳೆಯುವ ಕಾರುಗಳಿಗೆ 60 ಮೈಲಿಯ ಮಿತಿ ಇಟ್ಟಿರುವುದು ಸುಮ್ಮನೆ ಅಲ್ಲ.

ವ್ಯಾನಿಗೆ ಈ ಕಾಟವಿಲ್ಲ. ನಡುವೆ ಕೀಲೇ ಇಲ್ಲದ ಮೇಲೆ ಬಾಲ ಬೀಸುವುದೆಲ್ಲಿಂದ? ಹಾಗೆಂದು ವ್ಯಾನೇ ಕ್ಷೇಮ ಎಂದುಕೊಂಡವರಿಗೆ ಬೇರೊಂದು ಗುಂಡಿ ಕಾದಿದೆ: ತೂಕ. ಸಾಮಾನ್ಯ ಕಾರಿನ ಲೈಸೆನ್ಸಿನಲ್ಲಿ ಓಡಿಸಬಹುದಾದ ವ್ಯಾನಿನ ಒಟ್ಟು ತೂಕ 3.5 ಟನ್. ಗೋಡೆ, ರ‍್ಯಾಂಪು, ನೆಲ ಎಲ್ಲ ಕೂಡಿಸಿದ ಮೇಲೆ ಹೇರಲು ಉಳಿಯುವುದು ಹೆಚ್ಚುಕಡಿಮೆ ಒಂದು ಟನ್. ತಲಾ 500 ಕಿಲೋದ ಎರಡು ಕುದುರೆ ಹತ್ತಿಸಿದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಚಾಲಕ, ತಡಿ, ನೀರು, ಹುಲ್ಲು? "ಎರಡು ಕುದುರೆಯ ವ್ಯಾನ್" ಎಂದು ಮಾರುವ ಎಷ್ಟೋ ಗಾಡಿಗಳಲ್ಲಿ ಜಾಗ ಎರಡಕ್ಕಿದೆ, ತೂಕ ಒಂದೂವರೆಗೆ ಸಾಕಾಗುತ್ತದೆ. 7.5 ಟನ್ನಿನ ಲಾರಿಗೆ ಹೋದರೆ ಲೈಸೆನ್ಸೇ ಬೇರೆ. 1997ಕ್ಕಿಂತ ಮೊದಲು ಕಾರು ಪರೀಕ್ಷೆ ಪಾಸಾದವರಿಗೆ ಅದು ಜೊತೆಗೇ ಸಿಕ್ಕಿತ್ತು, ನಂತರದವರು ಬೇರೆ ಪರೀಕ್ಷೆ ಕಟ್ಟಬೇಕು. ಟ್ರೇಲರಿನವರಿಗಿದ್ದ ಹೆಚ್ಚುವರಿ ಪರೀಕ್ಷೆ 2021ರ ಡಿಸೆಂಬರಿನಲ್ಲಿ ರದ್ದಾಯಿತು. ಕಲಿಯದೆ ಎಳೆಯುವವರು ಹೆಚ್ಚಾದರೇನೋ ಎಂಬ ಅಳುಕು ನನಗಿದೆ.

ಕುದುರೆಯನ್ನು ಗಾಡಿಯಲ್ಲಿ ಒಯ್ಯುವ ಯೋಚನೆಗೆ ಒಂದು ಸೊಗಸಾದ ಚರಿತ್ರೆಯಿದೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಪಂದ್ಯದ ಕುದುರೆಗಳು ಪಂದ್ಯದ ಊರಿಗೆ ನಡೆದೇ ಹೋಗುತ್ತಿದ್ದವು, ದಾರಿಯಲ್ಲೇ ವಾರಗಳು ಕಳೆಯುತ್ತಿದ್ದವು. 1836ರಲ್ಲಿ ಇಂಗ್ಲೆಂಡಿನ ಉತ್ತರದ ಡಾಂಕಾಸ್ಟರಿನ ಸೇಂಟ್ ಲೆಜರ್ ಪಂದ್ಯಕ್ಕೆ ಕೆಲವೇ ದಿನ ಇರುವಾಗಲೂ ಎಲಿಸ್ ಎಂಬ ಕುದುರೆ ದಕ್ಷಿಣದ ಗುಡ್‌ವುಡ್‌ನಲ್ಲೇ ಇತ್ತು. ಇನ್ನು ನಡೆದು ತಲುಪುವುದು ಆಗದ ಮಾತೆಂದು ಬಾಜಿಯವರು ಅದನ್ನು ಲೆಕ್ಕದಿಂದ ಬಿಟ್ಟರು. ಪಂದ್ಯದ ಕುದುರೆಗಳನ್ನು ಸಾಕುತ್ತಿದ್ದ ಲಾರ್ಡ್ ಜಾರ್ಜ್ ಬೆಂಟಿಂಕ್ ಮಾತ್ರ ಒಳಗೆ ಮೆತ್ತೆ ಹೊಲಿಸಿದ ಗಾಡಿಯೊಂದನ್ನು ಮಾಡಿಸಿ, ಬೇರೆ ಕುದುರೆಗಳಿಂದ ಎಳೆಸಿ, ಎಲಿಸ್‌ನನ್ನು ದಣಿವಿಲ್ಲದೆ ತಲುಪಿಸಿದ. ಎಲಿಸ್ ಗೆದ್ದಿತು. ಕುದುರೆಯನ್ನು ಎಳೆದದ್ದು ಕುದುರೆಗಳೇ!

ಆದರೆ ಎಲಿಸ್ ಪೂರ್ತಿ ವಿಶ್ರಾಂತಿ ಪಡೆದಿತ್ತೆಂದು ನನಗನಿಸುವುದಿಲ್ಲ. ಕುದುರೆ ನಿಂತೇ ತೂಕಡಿಸಬಲ್ಲದು, ಅದರ ಹಿಂಗಾಲಿನ ಕೀಲಿಗೆ ಬೀಗ ಹಾಕಿದಂತಹ ವ್ಯವಸ್ಥೆಯಿದೆ. ಚಲಿಸುವ ಗಾಡಿಯಲ್ಲಿ ಆ ಬೀಗ ಉಪಯೋಗಕ್ಕೆ ಬರುವುದಿಲ್ಲ. ಟ್ರೇಲರಿನೊಳಗೆ ಕ್ಯಾಮೆರಾ ಇಟ್ಟು ನೋಡಿ: ಮುಂಗಾಲು ಅಗಲಿಸಿ, ಪೃಷ್ಠವನ್ನು ಹಿಂದಿನ ಅಡ್ಡಪಟ್ಟಿಗೆ ಒತ್ತಿ, ಪ್ರತಿ ತಿರುವಿಗೂ ಗೊರಸು ಎತ್ತಿಡುತ್ತ ನಿಂತಿರುತ್ತದೆ. 30 ಮೀಟರ್ ತ್ರಿಜ್ಯದ ವೃತ್ತವನ್ನು ಗಂಟೆಗೆ 30 ಕಿಲೋಮೀಟರಿನಲ್ಲಿ ಸುತ್ತಿದರೆ 500 ಕಿಲೋದ ಕುದುರೆಗೆ ಪಕ್ಕದಿಂದ ಸುಮಾರು 120 ಕಿಲೋ ತೂಕದಷ್ಟು ನೂಕಿದಂತಾಗುತ್ತದೆ. ಅದೇ 40ರಲ್ಲಿ ಸುತ್ತಿದರೆ 210. ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವ ಲೆಕ್ಕವಿದು. ನಡುಗೋಡೆ ನೆಲದವರೆಗೂ ಇಳಿದಿದ್ದರೆ ಕಾಲು ಅಗಲಿಸಲೂ ಆಗದೆ ಕುದುರೆ ಪರದಾಡುತ್ತದೆ.

ಇಲ್ಲಿ ವ್ಯಾನಿಗೆ ಎರಡು ಅನುಕೂಲಗಳಿವೆ. ಕುದುರೆ ಕಾಲು ಬಡಿದರೆ ಚಾಲಕನ ಸೀಟಿಗೇ ಗೊತ್ತಾಗುತ್ತದೆ, ಟ್ರೇಲರಿನವನಿಗೆ ಕನ್ನಡಿಯಲ್ಲಿ ಗೋಡೆ ಮಾತ್ರ ಕಾಣುತ್ತದೆ. ಎರಡನೆಯದು ಬ್ರೇಕು. ಸಾಮಾನ್ಯ ಟ್ರೇಲರಿನ ಬ್ರೇಕು ಹಿಡಿಯುವುದೇ ಅದು ಮುಂದಿನ ಕಾರನ್ನು ನೂಕಿದ ಮೇಲೆ. ಚಾಲಕನ ಕಾಲು ಒರಟಾಗಿದ್ದರೆ ಪ್ರತಿ ಸಲವೂ ಒಂದು ಧಕ್ಕೆ. ಸಣ್ಣ ವ್ಯಾನುಗಳಲ್ಲಿ ಕುದುರೆಗಳನ್ನು ಹಿಂದಕ್ಕೆ ಮುಖಮಾಡಿ ನಿಲ್ಲಿಸುವುದೂ ಉಂಟು. ಗಾಡಿ ವೇಗ ಪಡೆಯುವುದು ನಿಧಾನ, ನಿಲ್ಲುವುದು ಥಟ್ಟನೆ. ಹಿಮ್ಮುಖವಾಗಿ ನಿಂತ ಕುದುರೆ ಆ ಹೊಡೆತವನ್ನು ಬಲವಾದ ತೊಡೆಗಳ ಮೇಲೆ ತಾಳಿಕೊಳ್ಳುತ್ತದೆ, ತಲೆ ಕಾಪಾಡಿಕೊಳ್ಳುತ್ತದೆ. ಎಲ್ಲ ಕುದುರೆಗೂ ಅದೇ ಹಿಡಿಸುತ್ತದೆ ಎನ್ನಲಾಗದು. ದೂರದ ಪಯಣವಾದರೆ ಎರಡರಲ್ಲೂ ಒಂದು ಎಚ್ಚರ ಬೇಕು. ತಲೆಯನ್ನು ಎತ್ತರಕ್ಕೆ ಕಟ್ಟಿ ಗಂಟೆಗಟ್ಟಲೆ ಒಯ್ದರೆ ಶ್ವಾಸನಾಳದ ಕಫ ಹೊರಹರಿಯದೆ ಪುಪ್ಪುಸಕ್ಕೆ ಸೋಂಕಾಗಬಹುದು. ನಡುವೆ ನಿಲ್ಲಿಸಿ ತಲೆ ತಗ್ಗಿಸಲು ಬಿಡಬೇಕು.

ಒಂದೇ ಕುದುರೆ, ವಾರಕ್ಕೆರಡು ಪಯಣ, ಜೊತೆಗೆ ಯಾರೂ ಇಲ್ಲ ಎಂದಾದರೆ ನಾನು ವ್ಯಾನಿನ ಕಡೆ. ಎರಡು ಕುದುರೆಯಿದ್ದು, ತೂಕದ ಗಟ್ಟಿಮುಟ್ಟು ಕಾರು ಈಗಾಗಲೇ ಇದ್ದರೆ ಟ್ರೇಲರ್. ಅದರಲ್ಲಿ ಎಂಜಿನ್ನಿಲ್ಲ, ತಿಂಗಳುಗಟ್ಟಲೆ ಸುಮ್ಮನೆ ನಿಂತರೂ ಕೆಡುವುದು ಕಡಿಮೆ. ಬ್ರಿಟನ್ನಿನಲ್ಲಿ ಅಂಥ ಟ್ರೇಲರಿಗೆ ವರ್ಷದ ತಪಾಸಣೆ ಕಡ್ಡಾಯವಲ್ಲ. ಹಾಗಾಗಿ ರಬ್ಬರ್ ಹಾಸು ಎತ್ತಿ, ಮೂತ್ರ ನೆನೆದು ಹಲಗೆ ಕೊಳೆತಿದೆಯೇ ಎಂದು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡುವ ಕೆಲಸ ಕೊಂಡವರದ್ದೇ. ವ್ಯಾನ್ ಕೊಳ್ಳುವವರು ದುಡ್ಡು ಕೊಡುವ ಮೊದಲು ಖಾಲಿ ಗಾಡಿಯನ್ನು ವೇಬ್ರಿಡ್ಜ್ ಮೇಲೆ ಹತ್ತಿಸಿ, 3500ರಲ್ಲಿ ಆ ಸಂಖ್ಯೆ ಕಳೆದು ನೋಡಲಿ. ಟ್ರೇಲರಿನವರು ಕುದುರೆ ಹತ್ತಿಸುವಾಗ ಒಂದೇ ಇದ್ದರೆ ರಸ್ತೆಯ ನಡುವಿನ ಕಡೆಗೆ, ಅಂದರೆ ಬ್ರಿಟನ್ನಿನಲ್ಲಿ ಬಲಕ್ಕೆ ನಿಲ್ಲಿಸಲಿ. ಮೂತಿಯ ಭಾರ ಅಳೆಯಲು ಮನೆಯ ತೂಕದ ಯಂತ್ರವೂ ಒಂದು ಮರದ ತುಂಡೂ ಸಾಕು. ಟ್ರೇಲರಿನ ಒಟ್ಟು ತೂಕದ ನೂರಕ್ಕೆ ಐದರಿಂದ ಏಳು ಭಾಗ, ಕಾರಿನ ಕೊಂಡಿಯ ಮಿತಿಯೊಳಗೆ, ಅಲ್ಲಿ ತೋರಿಸಬೇಕು.