ಕಿಮೋ ಕೆಲಸ ಮಾಡುತ್ತಾ? ಮೊದಲು ಬಯಾಪ್ಸಿ ಬ್ಲಾಕ್ ತನ್ನಿ

ನ್ಯೂರೋಎಂಡೋಕ್ರೈನ್ ಟ್ಯೂಮರ್ (ಹಾರ್ಮೋನ್ ತಯಾರಿಸುವ ಬಗೆಯ ಕೋಶಗಳಲ್ಲಿ ಹುಟ್ಟುವ ಗಡ್ಡೆ) ಇದೆ ಎಂದು ಗೊತ್ತಾಗಿ ಬೆಂಗಳೂರಿಗೆ ಬರುವವರು ಫೈಲಿನಿಂದ ಮೊದಲು ತೆಗೆಯುವುದು ರಕ್ತದ ಕ್ರೋಮೋಗ್ರಾನಿನ್ ಎ ರಿಪೋರ್ಟ್. ಇದು ಈ ಗಡ್ಡೆಗಳು ರಕ್ತಕ್ಕೆ ಬಿಡುವ ಒಂದು ಪ್ರೋಟೀನ್. "ಇಷ್ಟು ಜಾಸ್ತಿ ಇದೆ ಡಾಕ್ಟ್ರೇ, ಬೇಗ ಕಿಮೋ ಶುರು ಮಾಡ್ಬೇಕಲ್ವಾ?" ಎಂದು ಕೇಳುತ್ತಾರೆ. ಆ ಸಂಖ್ಯೆ ನೋಡಿ ಕಿಮೋ ಫಲ ಕೊಡುತ್ತದೋ ಇಲ್ಲವೋ ಹೇಳಲು ಆಗುವುದಿಲ್ಲ. ಗ್ಯಾಸ್ಟ್ರಿಕ್‌ಗೆಂದು ದಿನಾ ಪ್ಯಾಂಟೊಪ್ರಜೋಲ್ ನುಂಗುವವರಲ್ಲೂ ಅದು ಏರುತ್ತದೆ. ಕಿಡ್ನಿ ತೊಂದರೆ ಇದ್ದರೂ ಏರುತ್ತದೆ. ಸುಮ್ನೆ ಗಾಬರಿ ಬೇಡ.

ನಾನು ಹುಡುಕುವುದು ಬಯಾಪ್ಸಿ ರಿಪೋರ್ಟನ್ನು. ಜೀವಕೋಶಗಳ ರೂಪ ಎಷ್ಟು ಕೆಟ್ಟಿದೆ, ಕಿ-67 ಎಷ್ಟು, ಇವೆರಡು ಮುಖ್ಯ. ನೂರರಲ್ಲಿ ಎಷ್ಟು ಕೋಶಗಳು ಒಡೆದು ಹೆಚ್ಚುವ ಹಾದಿಯಲ್ಲಿವೆ ಎಂಬುದನ್ನು ಕಿ-67 ತೋರಿಸುತ್ತದೆ. 3ಕ್ಕಿಂತ ಕಡಿಮೆ ಇದ್ದರೆ ಗ್ರೇಡ್ 1, 20ರವರೆಗೆ ಗ್ರೇಡ್ 2, ಅದನ್ನು ದಾಟಿದರೆ ಗ್ರೇಡ್ 3. ಹೆಚ್ಚಿನ ಕಿಮೋ ಔಷಧಿಗಳು ಹೊಡೆಯುವುದು ಒಡೆಯುತ್ತಿರುವ ಕೋಶವನ್ನೇ. ಹಾಗಾಗಿ ಸಣ್ಣ ಕರುಳಿನ ನಿಧಾನದ ಗಡ್ಡೆಗೆ ಕಿಮೋದಿಂದ ಸಿಗುವುದು ಕಡಿಮೆ. ಅಲ್ಲಿ ಸಾಮಾನ್ಯವಾಗಿ ತಿಂಗಳಿಗೊಮ್ಮೆಯ ಆಕ್ಟ್ರಿಯೋಟೈಡ್ ಇಂಜೆಕ್ಷನ್‌ನಿಂದ (ಇದು ಕಿಮೋ ಅಲ್ಲ, ಹಾರ್ಮೋನ್ ಬಗೆಯ ಔಷಧಿ) ಶುರು ಮಾಡುತ್ತೇವೆ.

ಕಿ-67 ಸಂಖ್ಯೆ 20 ದಾಟಿದವರೆಲ್ಲ ಒಂದೇ ಅಲ್ಲ. ನಾರ್ಡಿಕ್ ದೇಶಗಳ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಸಿಸ್‌ಪ್ಲಾಟಿನ್ ಗುಂಪಿನ ಕಿಮೋಗೆ ಕಿ-67 ಸಂಖ್ಯೆ 55ಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 15ರಷ್ಟು ಮಂದಿಯ ಗಡ್ಡೆ ಮಾತ್ರ ಕುಗ್ಗಿತು. ಅದಕ್ಕಿಂತ ಹೆಚ್ಚಿದ್ದವರಲ್ಲಿ ಶೇ. 42. ಬರೀ "ಗ್ರೇಡ್ 3" ಎಂದು ಬರೆದ ರಿಪೋರ್ಟ್ ನನಗೆ ಸಾಲದು, ಸಂಖ್ಯೆಯೂ ಬೇಕು.

ಮೇದೋಜೀರಕ ಗ್ರಂಥಿಯ ಗಡ್ಡೆಯ ವಿಷಯ ಬೇರೆ. ಅಲ್ಲಿ ಕ್ಯಾಪಿಸಿಟಾಬಿನ್, ಟೆಮೊಜೊಲೊಮೈಡ್ ಮಾತ್ರೆಗಳ ಜೋಡಿ ಬಳಸುತ್ತೇವೆ. ಟೆಮೊಜೊಲೊಮೈಡ್ ಕೋಶದ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಎಂಜಿಎಂಟಿ ಎಂಬ ಪ್ರೋಟೀನ್ ಆ ಪೆಟ್ಟನ್ನು ರಿಪೇರಿ ಮಾಡುತ್ತದೆ. ಅದು ಕಡಿಮೆ ಇದ್ದವರಲ್ಲಿ ಗಡ್ಡೆ ಕುಗ್ಗುವ ಸಾಧ್ಯತೆ ಜಾಸ್ತಿ ಎಂದು ಅಮೆರಿಕದ ಇ2211 ಟ್ರಯಲ್‌ನಲ್ಲಿ ಕಂಡಿತು. ಆದರೆ ಎಂಜಿಎಂಟಿ ಇದ್ದ ಕೆಲವರಲ್ಲೂ ಗಡ್ಡೆ ಕುಗ್ಗಿದೆ. ಈ ಒಂದು ಟೆಸ್ಟ್ ನೋಡಿ ಯಾರಿಗೂ ಮಾತ್ರೆ ನಿರಾಕರಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎರಡು ಚಿಕಿತ್ಸೆಗಳ ನಡುವೆ ತೂಗುವಾಗ ಮಾತ್ರ ಅದನ್ನು ನೋಡುತ್ತೇನೆ.

ಮೊದಲು ಬಯಾಪ್ಸಿ ಮಾಡಿದ ಊರಿನ ಲ್ಯಾಬಿನಿಂದ ಸ್ಲೈಡ್ ಜೊತೆ ಮೇಣದ ಬ್ಲಾಕನ್ನೂ (ಬಯಾಪ್ಸಿಯ ತುಣುಕನ್ನು ಮೇಣದಲ್ಲಿ ಹುದುಗಿಸಿ ಇಟ್ಟದ್ದು) ಕೇಳಿ ತನ್ನಿ. ಹೊಸ ಟೆಸ್ಟ್‌ಗಳನ್ನು ಅದರಿಂದಲೇ ಮಾಡಬಹುದು. ಲಿವರ್‌ಗೆ ಹರಡಿದ ಗಡ್ಡೆಯ ಕಿ-67 ಮೂಲ ಗಡ್ಡೆಯದಕ್ಕಿಂತ ಹೆಚ್ಚಿರಬಹುದು, ವರ್ಷಗಳು ಕಳೆದಂತೆ ಏರಲೂಬಹುದು. ಸ್ಕ್ಯಾನ್‌ನಲ್ಲಿ ಗಡ್ಡೆ ಇದ್ದಕ್ಕಿದ್ದಂತೆ ಜೋರಾಗಿ ಬೆಳೆದಿದ್ದರೆ, ಹಳೇ ರಿಪೋರ್ಟ್ ನಂಬಿ ಕಿಮೋ ಆರಿಸದೆ ಇನ್ನೊಂದು ಬಯಾಪ್ಸಿ ಕೇಳುತ್ತೇನೆ.